ಗೌಡ್ತಿಕೆರೆಯ ಜಾಲಿಮರಗಳು

ಗೌಡ್ತಿಕೆರೆಯ ದಂಡೆಯಲ್ಲಿ ನಿರ್ವಾಣಯ್ಯನವರ ಮಠ. ಮಠ ಎಂದರೆ ದೊಡ್ಡದೇನಲ್ಲ, ಎರಡು ಅಂಕಣ, ಒಂದು ಜಗಲಿ. ಇದ್ದ ಶಿಷ್ಯನೂ ಒಬ್ಬನೇ, ಮುದ್ದಲಿಂಗ.

ಕೆರೆ ನೋಡಿಕೊಳ್ಳುವ ಕೆಲಸವನ್ನು ಗುರುಗಳು ಅವನಿಗೇ ಬಿಟ್ಟಿದ್ದರು. ಅವನಿಗೆ ಕೆರೆ ಎಂದರೆ ಪ್ರಾಣ. ಬಾಯಿಮಾತಿನ ಪ್ರಾಣವಲ್ಲ, ನಿಜವಾದದ್ದು. ಅದೇ ನೋಡಿ ಸಂಕಟ.

ಕೆರೆಯ ದಂಡೆಯುದ್ದಕ್ಕೂ ಹಳೆಯ ಜಾಲಿಮರಗಳಿದ್ದವು. ಸಂಕ್ರಾಂತಿ ಕಳೆಯುತ್ತಲೇ ಕೊಕ್ಕರೆಗಳು ಬಂದು ಅವುಗಳ ಮೇಲೆ ಗೂಡು ಕಟ್ಟುತ್ತಿದ್ದವು. ಮರಿ ಮಾಡಿ, ಮುಂಗಾರು ಹತ್ತಿರವಾದಾಗ ಮರಿಗಳ ಸಮೇತ ಹೊರಟುಹೋಗುತ್ತಿದ್ದವು.

ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಿದ್ದರು ಊರಿನವರು. ಅಷ್ಟೂ ದಿನ ದಂಡೆಯಲ್ಲಿ ತಮಟೆ ಇಲ್ಲ, ಪಟಾಕಿ ಇಲ್ಲ. ಮೊದಲ ಕೊಕ್ಕರೆ ಇಳಿದ ದಿನ ಕೆಂಚಮ್ಮ ಎಂಬ ಮುದುಕಿ ಜಾಲಿಯ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, "ಬಂದ್ರಾ ನನ್ನವ್ವ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹಕ್ಕಿಗಳಿಲ್ಲದ ತಿಂಗಳುಗಳಲ್ಲಿ ಪೇಟೆಯ ಜನ ಬರುತ್ತಿದ್ದರು. ಶ್ರಾವಣದಲ್ಲಿ ಕೋಡಿ ಬಿದ್ದ ನೀರು ನೋಡಲು, ಕಾರ್ತಿಕದಲ್ಲಿ ವನಭೋಜನಕ್ಕೆ. ಬಂದವರ ಕಾಲಿಗೆಲ್ಲ ಜಾಲಿಮುಳ್ಳು.

ಒಂದು ಕಾರ್ತಿಕದಲ್ಲಿ ಮಗುವಿನ ಅಂಗಾಲಿಗೆ ಮುಳ್ಳು ಹೊಕ್ಕಿತು. ತಾಯಿ ಮುದ್ದಲಿಂಗನ ಮುಂದೆಯೇ ಕೂಗಾಡಿದಳು. "ಇದೇನು ಕೆರೆಯೋ ಮುಳ್ಳಿನ ಗುಡ್ಡೆಯೋ? ಕೂರೋಕೆ ಒಂದು ಜಾಗ ಇಲ್ಲ. ನೋಡ್ಕೊಳ್ಳೋಕೆ ಯಾರೂ ಗತಿ ಇಲ್ವಾ ಇಲ್ಲಿ?"

ನೋಡಿಕೊಳ್ಳುವವನಿಗೆ ತುಂಬ ಅವಮಾನವಾಯಿತು.

ಅವನು ಗುರುಗಳ ಬಳಿ ಬಂದ. ಅವರು ಜಗಲಿಯಲ್ಲಿ ಕೂತು ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. ಅವರಿಗೂ ಮುಳ್ಳು ಚುಚ್ಚಿತ್ತು.

ಮುದ್ದಲಿಂಗ ಸೂಜಿಯಿಂದ ಮುಳ್ಳು ತೆಗೆಯುತ್ತ ಕೇಳಿದ, "ಬುದ್ಧಿ, ಜಾಲಿ ಕಡಿಸಿ ಹೊಂಗೆ ಹಾಕಿಸಲಾ? ಕಲ್ಲುಬೆಂಚು ಹಾಕೋಣ, ಜನ ನೆಮ್ಮದಿಯಾಗಿ ಕೂರಲಿ."

"ಹಕ್ಕಿಗಳು?"

"ಈಗ ಒಂದೂ ಇಲ್ಲವಲ್ಲ ಬುದ್ಧಿ. ಖಾಲಿ ಮರ."

ಗುರುಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ನಿನ್ನಿಷ್ಟ ಕಣಯ್ಯ" ಎಂದರು.

ಕಡಿಸಿದ. ಒಂದೂ ಬಿಡದೆ ಕಡಿಸೇಬಿಟ್ಟ ಪುಣ್ಯಾತ್ಮ! ಬುಡ ಅಗೆದ, ನೆಲ ಸಮ ಮಾಡಿದ, ಹೊಂಗೆಸಸಿ ನೆಟ್ಟ, ಕಲ್ಲುಬೆಂಚು ಹಾಕಿಸಿದ. ಒಂದು ದೋಣಿಯೂ ಬಂತು. ಜನ ಬರಿಗಾಲಲ್ಲಿ ಓಡಾಡಿದರು. "ಎಂಥಾ ಕೆಲಸ ಮಾಡಿದ್ರಿ ಸ್ವಾಮಿ" ಎಂದರು. ಅವನು ಉಬ್ಬಿಹೋದ.

ಸಂಕ್ರಾಂತಿ ಕಳೆಯಿತು. ಕೊಕ್ಕರೆಗಳು ಬಂದವು.

ಬಂದವು, ಇಳಿಯಲಿಲ್ಲ. ಕೆರೆಯ ಮೇಲೆ ಸುತ್ತಿದವು. ಮಾರನೆಯ ದಿನವೂ ಸುತ್ತಿದವು. ದೋಣಿಯಲ್ಲಿದ್ದ ಜನ ತಲೆಯೆತ್ತಿ, "ಏನು ಚೆಂದ ಹಾರ್ತವೆ ನೋಡ್ರೀ" ಎಂದು ಮೊಬೈಲು ಹಿಡಿದರು.

ಮೂರನೆಯ ದಿನ ಒಂದು ಕೊಕ್ಕರೆ ಕೊಕ್ಕಿನಲ್ಲಿ ಕಡ್ಡಿ ಹಿಡಿದು ನೆಲಕ್ಕಿಳಿಯಿತು. ಕಲ್ಲುಬೆಂಚಿನ ಸುತ್ತ ನಡೆಯಿತು. ಕಡ್ಡಿಯನ್ನು ಬೆಂಚಿನ ಮೇಲಿಟ್ಟಿತು. ಅದು ಜಾರಿ ಬಿತ್ತು. ಎತ್ತಿ ಮತ್ತೆ ಇಟ್ಟಿತು. ಮತ್ತೆ ಬಿತ್ತು.

ಮುದ್ದಲಿಂಗ ಅದನ್ನು ನೋಡಿದ. ನೋಡಬಾರದಾಗಿತ್ತು, ನೋಡಿಬಿಟ್ಟ.

ನಾಲ್ಕನೆಯ ಬೆಳಿಗ್ಗೆ ಆಕಾಶ ಬರಿದಾಗಿತ್ತು.

ಅವನು ಓಡಿಬಂದು ಗುರುಗಳ ಕಾಲ ಬಳಿ ಕುಸಿದ. "ಹೊರಟುಹೋದವು ಬುದ್ಧಿ. ಹೊಂಗೆ ಬೆಳೆದರೆ ಬರ್ತಾವಾ?"

"ಹೊಂಗೆಗೆ ಮುಳ್ಳಿಲ್ಲವಲ್ಲಯ್ಯ."

"ಮುಳ್ಳು ಯಾಕೆ?"

"ಹಾವು ಹತ್ತಬಾರದು ಅಂತ. ಬೆಕ್ಕು ಹತ್ತಬಾರದು ಅಂತ. ನೀನು ಹತ್ತಬಾರದು ಅಂತ."

ಮುದ್ದಲಿಂಗ ಮೊದಲ ಸಲ ಗುರುಗಳ ಮೇಲೆ ದನಿ ಏರಿಸಿದ. "ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಯಾಕೆ ತಡೀಲಿಲ್ಲ ನೀವು?"

"ಆವತ್ತು ನನ್ನ ಕಾಲಲ್ಲೂ ಮುಳ್ಳಿತ್ತು" ಎಂದರು ಗುರುಗಳು. "ಮುಳ್ಳು ಚುಚ್ಚಿಸಿಕೊಂಡು ಕೂತವನಿಗೆ ಜಾಲಿ ಪರವಾಗಿ ಬಾಯಿ ಬರಲ್ಲ ಕಣಯ್ಯ. ದೊಡ್ಡ ಗುರು ಅಂತ ತಿಳ್ಕೊಂಡಿದ್ದೆ ನನ್ನ. ಒಂದು ಮುಳ್ಳಿಗೆ ಆಗಿಹೋಯ್ತು."

ಮುದ್ದಲಿಂಗ ಜಾಲಿಬೀಜ ಆರಿಸಿ ತಂದು ಬಿತ್ತಿದ. ಗೂಡು ಹೊರುವಷ್ಟು ಮರವಾಗಲು ಎಷ್ಟು ವರ್ಷ ಬೇಕೆಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ದಾರಿ ಬಲ್ಲ ಹಕ್ಕಿಗಳು ಇರುವುದಿಲ್ಲವೆಂದೂ ಗೊತ್ತಿತ್ತು.

ಯುಗಾದಿಗೆ ಕೆರೆಯ ತುಂಬ ಜನ. ಈಗ ಊರಿಗೆ ಊರೇ ನನ್ನ ಮುಖಕ್ಕೆ ಉಗಿಯುತ್ತದೆ, ಉಗಿಯಲಿ, ಎಂದುಕೊಂಡು ಅವನು ದಂಡೆಯಲ್ಲಿ ನಿಂತ. ಬಂದವರಿಗೆಲ್ಲ ತಾನೇ ಹೇಳಿದ, "ಈ ವರ್ಷ ಕೊಕ್ಕರೆ ಇಲ್ಲ. ಮರ ಕಡಿಸಿ ಓಡಿಸಿದವನು ನಾನೇ."

"ಹೋಗ್ಲಿ ಬಿಡಿ ಸ್ವಾಮಿ, ಹಿಕ್ಕೆ ವಾಸನೆ ತಪ್ತು" ಎಂದ ಒಬ್ಬ.

"ಹೌದಾ? ದೋಣಿ ಎಷ್ಟೊತ್ತಿಗೆ ಬಿಡ್ತಾರೆ?" ಎಂದ ಇನ್ನೊಬ್ಬ.

ಕೊನೆಗೆ ಕೆಂಚಮ್ಮನನ್ನು ಹುಡುಕಿಕೊಂಡು ಹೋದ. ಕುಂಕುಮ ಹಚ್ಚಿ ಅಳುತ್ತಿದ್ದ ಮುದುಕಿ, ಅವಳಾದರೂ ಶಾಪ ಹಾಕಿಯಾಳು. ಅವಳು ಒಂದು ಬೆಂಚಿನ ಪಕ್ಕ ಬುಟ್ಟಿ ಇಟ್ಟುಕೊಂಡು ವ್ಯಾಪಾರಕ್ಕೆ ಕೂತಿದ್ದಳು.

"ಕೆಂಚವ್ವ, ನಿನ್ನ ಮಕ್ಕಳಿಗೆ ನಾನು ತವರು ತಪ್ಪಿಸಿಬಿಟ್ಟೆ."

"ಅಯ್ಯೋ, ಎಲ್ಲೋ ಒಂದ್ಕಡೆ ಬದುಕ್ಕೋತವೆ ಬಿಡಿ ಸ್ವಾಮಿ. ಈಗ ಜನ ಬತ್ತಾ ಅವ್ರೆ, ನನಗೂ ಒಂದು ದಾರಿ ಆಯ್ತು." ಅವಳು ಬೊಗಸೆ ತುಂಬ ಬೇಯಿಸಿದ ಕಡ್ಲೆಕಾಯಿ ಎತ್ತಿದಳು. "ತಗಳಿ, ಬಿಸಿಯಾಗದೆ."

ಅವನು ಆ ಕಡ್ಲೆಕಾಯಿಯನ್ನು ಹಿಡಿದುಕೊಂಡೇ ಮಠಕ್ಕೆ ಬಂದ. ಗುರುಗಳ ಮುಂದೆ ನಿಂತವನಿಗೆ ಅಳು ತಡೆಯಲಾಗಲಿಲ್ಲ.

"ಒಬ್ಬರೂ ಬೈಯಲಿಲ್ಲ ಬುದ್ಧಿ. ಬೆಳಿಗ್ಗೆಯಿಂದ ನಿಂತಿದ್ದೆ, ಒಬ್ಬರೂ ಒಂದು ಮಾತು ಅನ್ನಲಿಲ್ಲ. ನೀವಾದರೂ ಬೈದುಬಿಡಿ. ನಿಮ್ಮ ಕಾಲು ಹಿಡೀತೀನಿ, ಬೈದುಬಿಡಿ ನನ್ನ."

ಗುರುಗಳು ಅವನನ್ನು ಬಹಳ ಹೊತ್ತು ನೋಡಿದರು.

"ಬೈದರೆ ನಿನಗೆ ಹಗುರಾಗುತ್ತೆ" ಎಂದರು. "ಬೈಯಲ್ಲ, ಹೋಗು."