ಆಯುಧಪೂಜೆಯ ದಿನದ ಪಿಸ್ತೂಲು

“ಗುರುಗಳೇ, ಪರವಾನಗಿ ಸಿಕ್ಕಿತು, ಪಿಸ್ತೂಲೂ ಬಂತು, ಗುರಿಯೂ ತಪ್ಪುತ್ತಿಲ್ಲ. ಆದರೂ ದಿನಾ ಬೆಳಿಗ್ಗೆ ಗುಂಡಿಲ್ಲದ ಪಿಸ್ತೂಲನ್ನು ಸೊಂಟದಿಂದ ತೆಗೆ, ಹಿಡಿ, ಮತ್ತೆ ಸಿಕ್ಕಿಸು ಎನ್ನುತ್ತೀರಿ. ಈ ಬಿಟ್ಟಿ ಚಾಕರಿ ಯಾತಕ್ಕೆ?” ಎಂದು ಶಿಷ್ಯ ನಂಜರಾಜ ಕೇಳಿದ.

“ಬಿಟ್ಟಿ ಚಾಕರಿಯೇ? ಭಲೇ!” ಎಂದರು ಗುರುಗಳು. “ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿರಬೇಕು. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.”

ಒಬ್ಬ ಮೆಣಸಿನ ವ್ಯಾಪಾರಿ ಇದ್ದ. ಘಟ್ಟದ ದಾರಿಯಲ್ಲಿ ಓಡಾಡುವವನು. ಪ್ರಾಣರಕ್ಷಣೆಗೆಂದು ಪರವಾನಗಿ ಪಡೆದು ಪಿಸ್ತೂಲು ಇಟ್ಟುಕೊಂಡಿದ್ದ. ಅದು ಕೋಟಿನ ಒಳಗೆ, ಬಲಸೊಂಟದಲ್ಲಿ ಇರುತ್ತಿತ್ತು. ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗುಂಡು ತೆಗೆದಿಟ್ಟು, ಎರಡು ಸಲ ನೋಡಿ ಖಾತರಿ ಮಾಡಿಕೊಂಡು, ಗೋಡೆಗೆ ಎದುರಾಗಿ ನಿಲ್ಲುತ್ತಿದ್ದ. ಕೋಟು ಸರಿಸುವುದು, ಹಿಡಿಯುವುದು, ಎತ್ತುವುದು, ಮತ್ತೆ ಸಿಕ್ಕಿಸುವುದು. ಹೀಗೆ ನೂರು ಸಲ. ಕಣ್ಣು ಗೋಡೆಯ ಮೊಳೆಯ ಮೇಲೇ ಇರಬೇಕು. ಅಪ್ಪಿತಪ್ಪಿ ಕೈಯನ್ನು ನೋಡಿದರೆ ಮತ್ತೆ ಮೊದಲಿಂದ. “ಸೊಂಟದಲ್ಲಿ ತುರಿಕೆಯೇನ್ರೀ?” ಎಂದು ಹೆಂಡತಿ ನಗುತ್ತಿದ್ದಳು.

ಆಯುಧಪೂಜೆ ಬಂತು. ಪಿಸ್ತೂಲನ್ನೂ ತಕ್ಕಡಿ, ಕುಡುಗೋಲುಗಳ ಜೊತೆ ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಹೂವೇರಿಸಿದರು. ಆ ಮನೆಯಲ್ಲಿ ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ತನಕ ಕದಲಿಸುವಂತಿರಲಿಲ್ಲ. ಮಂಗಳಾರತಿ ಮುಗಿಯುವಷ್ಟರಲ್ಲಿ, ಹೆರಿಗೆಗೆ ತವರಿಗೆ ಬಂದಿದ್ದ ಮಗಳಿಗೆ ನೋವು ಶುರುವಾಯಿತು. ಆಸ್ಪತ್ರೆ ಘಟ್ಟದ ಕೆಳಗೆ. ವ್ಯಾಪಾರಿ ಕೋಟು ತೊಟ್ಟು, ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟ. ಪಿಸ್ತೂಲು ಮಣೆಯ ಮೇಲೇ ಉಳಿಯಿತು.

ಮೂರನೆಯ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಕೊಂಬೆ. ಪೊದೆಯಿಂದ ಇಬ್ಬರು ಮಚ್ಚು ಹಿಡಿದು ಬಂದರು. ಕಳ್ಳರಿಗೆಲ್ಲಿಯ ಪೂಜೆ! ವ್ಯಾಪಾರಿ ಇಳಿದು ಮಗಳಿಗೆ ಅಡ್ಡ ನಿಂತ. ಕಿರಿಯವನು ಅವಳ ಕೊರಳ ಸರಕ್ಕೆ ಕೈ ಚಾಚಿದ. “ಅಪ್ಪಾ!” ಎಂದು ಅವಳು ಚೀರಿದಳು.

ವ್ಯಾಪಾರಿಯ ಬಲಗೈ ಕೋಟು ಸರಿಸಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇಲ್ಲವೆಂಬುದು ಆಮೇಲೆ ನೆನಪಾಯಿತು. ಆದರೆ ಕೈ ಕೋಟಿನೊಳಗೇ ಪಿಸ್ತೂಲು ಹಿಡಿದಂತೆ ನಿಂತಿತು, ಕಣ್ಣು ಕೆಳಗಿಳಿಯಲಿಲ್ಲ.

ಹಿರಿಯ ಕಳ್ಳ ಪಳಗಿದವನು. ಸುಳ್ಳೇ ಹೆದರಿಸುವವನ ಕಣ್ಣು ಒಮ್ಮೆಯಾದರೂ ತನ್ನ ಕೈಯತ್ತ ಹೋಗುತ್ತದೆಂದು ಬಲ್ಲವನು. ಈ ವ್ಯಾಪಾರಿಯ ಕಣ್ಣು ಕಳ್ಳನ ಎದೆಯ ಮೇಲೇ ನೆಟ್ಟಿತ್ತು. “ಬೇಡ ಕಣೋ, ಇವನು ಹೊಡೆದೇಬಿಡ್ತಾನೆ!” ಎಂದು ಕಿರಿಯವನನ್ನು ಹಿಂದಕ್ಕೆಳೆದ.

“ಮಚ್ಚು ಬಿಸಾಡಿ. ಆ ಕೊಂಬೆ ಎಳೆದು ಹಾಕಿ” ಎಂದ ವ್ಯಾಪಾರಿ. ಇಬ್ಬರೂ ಎರಡನ್ನೂ ಮಾಡಿ, ಬಿದ್ದೆನೋ ಎದ್ದೆನೋ ಎಂದು ಓಡಿದರು.

ಸಂಜೆಯ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ತಾಯಿಯೂ ಕ್ಷೇಮ, ಮಗುವೂ ಕ್ಷೇಮ. ವ್ಯಾಪಾರಿ ಆಸ್ಪತ್ರೆಯ ಅಂಗಳದಲ್ಲಿ ನಿಂತು “ಗೆದ್ದೆ! ಗೆದ್ದೆ!” ಎಂದು ಕೂಗಿದ. ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದ. ಗೆದ್ದವನು ಕೂಗಬಾರದೇನು? ಕೂಗಲಿ ಬಿಡು.

ನಂಜರಾಜ ನಕ್ಕ. “ಹಾಗಾದರೆ ಗುರುಗಳೇ, ಪಿಸ್ತೂಲೇ ಬೇಡವೆಂದಾಯಿತಲ್ಲ!”

ಗುರುಗಳು ನಗಲಿಲ್ಲ. “ಅವನ ಸೊಂಟದಲ್ಲಿ ಇಲ್ಲದ ಪಿಸ್ತೂಲು ಕಳ್ಳರಿಗೂ ಕಂಡಿತು, ನಿನ್ನ ಸೊಂಟದಲ್ಲಿ ಇರುವುದು ನಿನ್ನ ಕೈಗೇ ಇನ್ನೂ ಸಿಕ್ಕಿಲ್ಲ.”