ಬಾಗಿಲಿಲ್ಲದ ಮನೆಯೊಳಗಿನ ಮದ್ದು

ಈ ಕತೆ ನನ್ನ ದಿನಚರಿಯಲ್ಲಿ ೧೯೮೧ರ ಫೆಬ್ರವರಿ ೧೨ರ ಪುಟದಲ್ಲಿದೆ.

ರಾಜ ಬಿಜ್ಜರಸ ಡಂಗುರ ಹೊಡೆಸಿದ: "ರಾಜಕುಮಾರಿ ಪದ್ಮಲೆಯ ಹೊಟ್ಟೆಯಲ್ಲಿ ಬೆಳೆದ ಜ್ವರಗಡ್ಡೆಗೆ ಮದ್ದಿದೆ. ಆದರೆ ಅದು ರೋಗದ ಜೊತೆ ಮೂತ್ರಪಿಂಡವನ್ನೂ ಸುಡುತ್ತದೆ. ರಾಜವೈದ್ಯೆ ಅಕ್ಕಬ್ಬೆಯ ಮೂರು ಒಗಟು ಬಿಡಿಸಿದವನು ಮದ್ದು ಹದಮಾಡಲಿ. ತಪ್ಪಿದರೆ ತಲೆದಂಡ."

ಮುದುಕಿ ಅಕ್ಕಬ್ಬೆಗೆ ಕಣ್ಣು ಹೋಗಿತ್ತು, ಕೈ ನಡುಗುತ್ತಿತ್ತು; ಮದ್ದನ್ನು ತಾನೇ ಹದಮಾಡಲಾರಳು. ತಿಳಿಯದವನ ಕೈಗೆ ಆ ವಿಷ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಬಂದವರಿಗೆ ಅವಳು ಮೊದಲ ಒಗಟು ಒಡ್ಡಿದಳು: "ಮುಖಕ್ಕೆ ನೀರು ಇಷ್ಟ, ಬೆನ್ನಿಗೆ ನೀರೆಂದರೆ ಹೇಸಿಗೆ. ಬೆನ್ನಿಗೆ ಬೆನ್ನು ಕೊಟ್ಟು ತಾವೇ ಗೋಡೆಯಾಗುವವರು ಯಾರು?"

"ಮೀನುಗಾರರು" ಎಂದ ನೆರೆನಾಡಿನ ಅರಸುಮಗ. ಸಂಜೆಯೊಳಗೆ ಅವನ ತಲೆ ಹೋಯಿತು. ಪಂಡಿತ ನಾಗದೇವ "ತಾವರೆ ಎಲೆಗಳು" ಎಂದು, ತಲೆದಂಡದ ದಿನ ಕಾಯುತ್ತಾ ಸೆರೆಮನೆ ಸೇರಿದ.

ಆಮೇಲೆ ಬಂದವನು ಅರಮನೆಯ ಬಾತುಕೋಳಿ ಕಾಯುವ ಮಾಚ. ಪದ್ಮಲೆ ಹಾಸಿಗೆ ಹಿಡಿಯುವವರೆಗೂ ದಿನಾ ಅವನ ಜೊತೆ ನಿಂತು ಬಾತುಗಳಿಗೆ ಅಕ್ಕಿ ಚೆಲ್ಲುತ್ತಿದ್ದಳು.

"ಬಾತು ಸತ್ತರೆ ಅಳೋನು ನೀನು. ನಿನಗ್ಯಾಕೋ ಇದು?" ಎಂದ ಕಾವಲಿನವನು.

"ಅಳೋ ಮುಂಚೆ ಒಂದು ಮಾತು ಹೇಳಿ ನೋಡ್ತೀನಿ ಅಣ್ಣಾ."

ಒಗಟು ಕೇಳಿ ಅವನಿಗೆ ತಾನು ತೊಳೆಯುವ ಬಟ್ಟಲುಗಳು ನೆನಪಾದವು; ಮೊಟ್ಟೆಯ ಹಳದಿ ಅಂಟಿದ್ದರಲ್ಲಿ ಮಾತ್ರ ಎಣ್ಣೆ ನೀರಿನೊಡನೆ ಬೆರೆಯುತ್ತಿತ್ತು. "ಮೊಟ್ಟೆಯ ಹಳದಿಯಲ್ಲಿರೋ ಜಿಡ್ಡು, ಅವ್ವಾ. ಎಣ್ಣೆಗೂ ನೀರಿಗೂ ಆಗಿಬರಲ್ಲ. ಇದಕ್ಕೆ ಮಾತ್ರ ಎರಡು ಕಡೆಯೂ ನೆಂಟಸ್ತಿಕೆ. ಮುಖ ನೀರಿಗೆ, ಬೆನ್ನು ಎಣ್ಣೆಗೆ; ಎಣ್ಣೆ ಇಲ್ಲದಿದ್ದರೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ತದೆ."

ಅಕ್ಕಬ್ಬೆ ಎರಡನೆಯದನ್ನು ಕೇಳಿದಳು: "ಹೊರಗೂ ನೀರು, ಒಳಗೂ ನೀರು, ನಡುವೆ ಜಿಡ್ಡಿನ ಗೋಡೆ. ವಿಷ ಕೂಡಿಟ್ಟರೂ ದಾರಿಯಲ್ಲಿ ಯಾರಿಗೂ ತಾಗದು. ಬಾಗಿಲಿಲ್ಲದ ಆ ಮನೆ ಯಾವುದು?"

"ಅದೇ ಜಿಡ್ಡು ನೀರಲ್ಲಿ ದುಂಡಗೆ ಸುತ್ತಿಕೊಂಡ ಗುಳ್ಳೆ. ಕಣ್ಣಿಗೆ ಕಾಣದಷ್ಟು ಸಣ್ಣದು."

"ಇದು ಮೂರನೆಯದು. ಬಾಗಿಲಿಲ್ಲ ಅಂದಮೇಲೆ ಒಳಗಿನ ಮದ್ದು ರೋಗಕ್ಕೆ ಸಿಗುವುದು ಹೇಗೆ?"

ಕೆರೆಯ ನೀರಲ್ಲಿ ಕೂಡಿಕೊಳ್ಳುವ ಗುಳ್ಳೆಗಳು ಮಾಚನ ಕಣ್ಣಮುಂದೆ ಬಂದವು. "ಗುಳ್ಳೆಗೆ ಗುಳ್ಳೆ ತಾಗಿದರೆ ಎರಡೂ ಒಂದಾಗ್ತವೆ. ರೋಗ ಕೂತಿರೋ ಕಡೆಯ ಗೋಡೆಯೂ ಜಿಡ್ಡಿನದೇ ಆಗಿದ್ದರೆ, ಬಾಗಿಲು ಯಾಕೆ ಬೇಕು?"

"ಜಿಡ್ಡಿನದೇ ಕಣಪ್ಪಾ" ಎಂದು ಅಕ್ಕಬ್ಬೆ ನಕ್ಕಳು. "ನಮ್ಮ ಮೈಯ ಕಣಕಣಕ್ಕೂ ಅಂಥದೇ ಗೋಡೆ. ನೆಂಟ ಬಂದನೆಂದು ಒಳಗೆ ಕರೆದುಕೊಳ್ಳುತ್ತದೆ. ಮೂತ್ರಪಿಂಡದ ಸಣ್ಣ ಜರಡಿಯಲ್ಲಿ ಮಾತ್ರ ಗುಳ್ಳೆ ತೂರದು, ಅದಕ್ಕೆ ಅಲ್ಲಿ ಸುಡುವುದಿಲ್ಲ. ಎಂಥ ಜಾಣ ಗುಳ್ಳೆ ನೋಡು."

ಆ ನಾಡಿನಲ್ಲಿ ಮದ್ದು ಮಾಡಿದವನೇ ಮೊದಲ ಗುಟುಕು ಕುಡಿಯಬೇಕು. ಅಕ್ಕಬ್ಬೆ ಹೇಳಿದಂತೆ ಮಾಚ ಹಳದಿಯ ಜಿಡ್ಡು ತೆಗೆದು, ಗುಳ್ಳೆ ಕಟ್ಟಿ, ಮದ್ದು ತುಂಬಿ ಕುಡಿದ. ಮರುದಿನವೂ ಬಾತುಗಳ ಹಿಂದೆ ಓಡಾಡುತ್ತಿದ್ದ. ಆಗ ಪದ್ಮಲೆಗೆ ಕೊಟ್ಟರು. ಗಡ್ಡೆ ಕರಗಿತು, ಮೂತ್ರಪಿಂಡ ಉಳಿಯಿತು.

"ಏನು ಬೇಕು, ಕೇಳು" ಎಂದ ರಾಜ.

"ಪಂಡಿತರನ್ನು ಬಿಟ್ಟುಬಿಡಿ, ಬುದ್ಧಿ."

ನಾಗದೇವ ಮನೆಗೆ ಹೋದ. ರಾಜ ಮಾಚನನ್ನು ಅಕ್ಕಬ್ಬೆಯ ಪೀಠಕ್ಕೆ ವಾರಸುದಾರನನ್ನಾಗಿ ಮಾಡಿದ.

ಇಷ್ಟಕ್ಕೆ ತಗುಲಿದ್ದು ಒಂದು ಬುಟ್ಟಿ ಬಾತುಮೊಟ್ಟೆ, ಹಿಡಿಯಷ್ಟು ಮದ್ದು, ಮತ್ತು ಆ ಅರಸುಮಗನ ತಲೆ. ಮೊಟ್ಟೆಗಳನ್ನು ಬಾತುಗಳು ಮತ್ತೆ ಇಟ್ಟವು.