ಸೊಂಡಿಲು ಮುರಿದ ಬೆಳ್ಳಿ ಆನೆ

ಬ್ರೇಸ್‌ಲೆಟ್ಟಿಗೆ ತೂಗುಬಿಡುವ ಪುಟ್ಟ ಬೆಳ್ಳಿ ಗೊಂಬೆಗಳಿಗೆ ಹೆಸರಾದ ಅಂಗಡಿಯೊಂದರಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಆನೆಯೊಂದಿತ್ತು. ಅಂಗಡಿಯ ಮೊದಲ ಗೊಂಬೆ ಅದೇ. ಅಚ್ಚಿನಿಂದ ತೆಗೆಯುವಾಗ ಅದರ ಸೊಂಡಿಲ ತುದಿ ಮುರಿದಿತ್ತು.

ಹೊಸದಾಗಿ ತಯಾರಾದ ಆನೆಗಳು ನಕ್ಕವು. "ಅಜ್ಜಾ, ನಿನ್ನನ್ನು ಇನ್ನೂ ಯಾಕೆ ಕರಗಿಸಿಲ್ಲ? ನಮ್ಮ ಸೊಂಡಿಲು ನೋಡು, ಎಷ್ಟು ಲಕ್ಷಣವಾಗಿದೆ!"

"ನೋಡಿದೆ, ಚೆನ್ನಾಗಿದೆ" ಎಂದಿತು ಹಳೆಯ ಆನೆ.

ಅಷ್ಟರಲ್ಲಿ ಅಂಗಡಿಯ ಒಡತಿ ಮಂದಾಕಿನಿ ಹೊಸ ಆನೆಯೊಂದನ್ನು ಎತ್ತಿ ನೋಡಿ ಅಕ್ಕಸಾಲಿಯ ಮೇಲೆ ಸಿಡುಕಿದಳು. "ಏನ್ರೀ ಮೌನೇಶಾಚಾರ್, ಸೊಂಡಿಲು ಪೂರ್ತಿ ಇದ್ದರೆ ಇದು ನಮ್ಮ ಅಂಗಡಿಯದು ಅಂತ ಯಾರು ನಂಬ್ತಾರೆ? ಎಲ್ಲರೂ ಕೇಳೋದೇ ಪೆಟ್ಟಿಗೆಯಲ್ಲಿರೋ ಹಳೇ ಆನೆಗಿರೋ ಹಾಗೆ ಮುರಿದ ಸೊಂಡಿಲು. ಕತ್ತರಿಸಿ!"

ಮೌನೇಶಾಚಾರ್ ಇಕ್ಕಳ ಎತ್ತಿಕೊಂಡರು. ಹೊಸ ಆನೆಗಳು ಕೇಳಿದವು, "ಅಜ್ಜಾ, ತುಂಬಾ ನೋಯುತ್ತದೆಯೇ?"

"ನನಗೆ ಹೇಗೆ ಗೊತ್ತಾಗಬೇಕು, ಮಕ್ಕಳೇ?" ಎಂದಿತು ಹಳೆಯ ಆನೆ. "ನನ್ನದು ತಾನಾಗಿ ಮುರಿದದ್ದು."